ಮೂವತ್ತಾರು ಇಂಚಿನ ಬಾಗಿಲು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಬಚ್ಚಲುಮನೆಯ ಬಾಗಿಲು ಎಷ್ಟು ಅಗಲವಿದೆ ಎಂದು. ಇದು ಒಳ್ಳೆಯ ಚಾಳಿಯಲ್ಲ, ಗೊತ್ತು. ಹೋದ ಚೌತಿಗೆ ಕಾರವಾರದ ಹೊಸ ನೆಂಟರ ಮನೆಗೆ ಹೋಗಿದ್ದೆವು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಾಗಿಲಿನ ಚೌಕಟ್ಟಿಗೆ ಗೇಣು ಹಾಕುತ್ತ ನಿಂತಿದ್ದವನನ್ನು ಆ ಮನೆಯ ಯಜಮಾನಿತಿ ನೋಡಿಬಿಟ್ಟರು. ಮೂರು ಗೇಣು, ಮೇಲೆ ನಾಲ್ಕು ಬೆರಳು. ಅಂದರೆ ಮೂವತ್ತು ಇಂಚು, ಸಾಲದು. ಅವರ ಮುಖ ನೋಡಿ ಏನಾದರೂ ಹೇಳಲೇಬೇಕಲ್ಲ, "ಬಾಗಿಲು ಬಹಳ ಚಂದ ಅದೆ" ಎಂದೆ. ಅದೊಂದು ಪ್ಲಾಸ್ಟಿಕ್ ಬಾಗಿಲು, ಕೆಳಗಡೆ ಬಿರುಕು ಬೇರೆ ಬಿಟ್ಟಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಂಕೋಲೆ ಮುಟ್ಟುವವರೆಗೆ ನನ್ನ ಹೆಂಡತಿ ನಾಗವೇಣಿ ಕಿಟಕಿಯಾಚೆಗೇ ನೋಡುತ್ತಿದ್ದಳು. ಇಳಿದ ಮೇಲೆ ಒಂದೇ ಮಾತು ಹೇಳಿದಳು: "ಇನ್ನು ಸಾಕು ಮಾಡಿ. ಆ ಬಾಗಿಲಲ್ಲಿ ಈಗ ಯಾರು ಹೋಗೂದದೆ?"

ಹೋಗುವವರು ಯಾರೂ ಇಲ್ಲ. ನನ್ನ ತಮ್ಮ ವಸಂತ ತೀರಿಹೋಗಿ ವರ್ಷಗಳಾದವು. ಆದರೂ ನಾನು ನೋಡುವ ಪ್ರತಿ ಬಾಗಿಲಲ್ಲೂ ಅವನ ಗಾಲಿಕುರ್ಚಿ ಹಿಡಿಸುತ್ತದೋ ಇಲ್ಲವೋ ಎಂಬ ಲೆಕ್ಕ ತನ್ನಷ್ಟಕ್ಕೆ ಆಗಿಬಿಡುತ್ತದೆ.

ವಸಂತ ನನಗಿಂತ ಆರು ವರ್ಷ ಚಿಕ್ಕವನು. ನಾವು ಹುಟ್ಟಿ ಬೆಳೆದದ್ದು ಅಗಸೂರಿನ ಹಂಚಿನ ಮನೆಯಲ್ಲಿ. ಮಳೆಗಾಲದ ನೀರಿಗೆ ಹೆದರಿ ನಮ್ಮ ಅಜ್ಜ ಆ ಮನೆಯ ತಳಪಾಯವನ್ನು ಎಷ್ಟು ಎತ್ತರ ಮಾಡಿದ್ದನೆಂದರೆ, ಅಂಗಳದಿಂದ ಜಗಲಿಗೆ ಏಳು ಮೆಟ್ಟಿಲು. ಕೆಂಪುಕಲ್ಲಿನ ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ. ನಾನು ಅವನ್ನು ಎಣಿಸುತ್ತ ಇಳಿಯುವ ಮಗು. ವಸಂತ ಇಳಿದದ್ದನ್ನು ನಾನು ಕಂಡಿಲ್ಲ; ಅವನು ಹಾರುತ್ತಿದ್ದ. ಏಳನೆಯ ಮೆಟ್ಟಿಲಿನಿಂದ ಅಂಗಳಕ್ಕೆ ಒಂದೇ ನೆಗೆತ. ಬಾಯಲ್ಲಿ ಮಾವಿನ ಗೊರಟು ಇರುತ್ತಿತ್ತು, ಅದು ಕೂಡ ಬೀಳುತ್ತಿರಲಿಲ್ಲ. ಆ ಗೊರಟು ಹೆಚ್ಚಾಗಿ ನನ್ನ ಪಾಲಿನ ಹಣ್ಣಿನದೇ. ಅಪ್ಪ ಈಶಾಡು ಮಾವಿನ ಹಣ್ಣು ಹಂಚಿ ಕೊಟ್ಟರೆ ನಾನು ನಾಳೆಗೆಂದು ಇಟ್ಟುಕೊಳ್ಳುವವನು, ಅವನು ಇವತ್ತೇ ಎರಡೂ ಪಾಲು ಮುಗಿಸುವವನು.

ಅಪ್ಪ ಹೋದ ಮೇಲೆ ನಾನು ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾದೆ, ದಿನಾ ಅಗಸೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಸಂತ ಕಾರವಾರದಲ್ಲೇ ಒಂದು ಕೋಣೆ ಮಾಡಿಕೊಂಡು ಟೆಂಪೋ ಓಡಿಸುತ್ತಿದ್ದ, ಸಂಜೆ ವಾಲಿಬಾಲ್ ಆಡುತ್ತಿದ್ದ. ಭಾನುವಾರ ಬಂದರೆ ನಾಗವೇಣಿಯ ಬಂಗಡೆ ಮೀನಿನ ಪಳದಿ ಉಂಡು, "ಅತ್ಗೆ, ಇದೊಂದರ ಸಲುವಾಗಿ ನಾ ಮದ್ವೆ ಆಗ್ದೇ ಇದ್ದದ್ದು" ಎನ್ನುತ್ತಿದ್ದ. ಹಾಗೆಂದರೂ ಆ ವರ್ಷ ಒಂದು ಸಂಬಂಧ ಹೆಚ್ಚುಕಡಿಮೆ ಗೊತ್ತಾಗಿತ್ತು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಮೇ ತಿಂಗಳ ಕೊನೆ. ಮಳೆ ಬೀಳುವ ಮೊದಲು ಹಂಚು ಸರಿಮಾಡುವುದು ನಮ್ಮ ಕಡೆ ಪ್ರತಿ ಮನೆಯ ಕೆಲಸ. ನನಗೋ ಮಾಡು ಹತ್ತುವುದೆಂದರೆ ಹೆದರಿಕೆ. ಆದ್ದರಿಂದ ಅದು ಯಾವಾಗಲೂ ವಸಂತನ ಪಾಲು. ಆ ಸಲ ಅವನಿಗೆ ಬಾಡಿಗೆಯ ಗಡಿಬಿಡಿ ಇತ್ತು, "ಮುಂದಿನ ಭಾನುವಾರ ಬತ್ತೆ" ಎಂದಿದ್ದ. ಮಳೆ ಬಂದರೆ ಕಷ್ಟ ಎಂದು ಹೇಳಿ ಕರೆಸಿದವನು ನಾನು. ಹತ್ತು ಗಂಟೆಯ ಬಿಸಿಲು. ಮೇಲಿನಿಂದ ನನ್ನ ತಲೆ ನೋಡಿ, "ಅಣ್ಣಾ, ಇಲ್ಲಿಂದ ಕಂಡ್ರೆ ನಿಂಗೆ ಕೂದಲೇ ಇಲ್ಲ ಮಾರಾಯ!" ಎಂದು ಕೂಗಿದ. ಹತ್ತು ನಿಮಿಷ ಕಳೆದಿರಬಹುದು. ಅಡಿಗೆಮನೆಯ ಮೇಲೆ ಹಂಚನ್ನು ಹೊರುವ ಮರದ ಪಕಾಸು ಮುರಿಯಿತು. ಅವನು ಹಂಚುಗಳ ಸಮೇತ ಒಳಗೆ, ರುಬ್ಬುವ ಕಲ್ಲಿನ ಮೇಲೆ ಬಿದ್ದ.

ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳು. ಸೊಂಟದ ಕೆಳಗೆ ಇನ್ನು ಶಕ್ತಿ ಬರುವುದಿಲ್ಲವೆಂದು ಡಾಕ್ಟರು ಮೊದಲ ವಾರವೇ ಹೇಳಿದರು. ಮೊದಲ ವಾರ ಹಾಗೆ ಹೇಳುವುದು ಡಾಕ್ಟರುಗಳ ಪದ್ಧತಿ ಇರಬೇಕೆಂದುಕೊಂಡೆ. ಹೆಣ್ಣಿನ ಕಡೆಯವರು ಒಮ್ಮೆ ಬಂದು, ಎಳನೀರು ಇಟ್ಟು, ಏನೂ ಹೇಳದೆ ಹೋದರು. ಸಂಬಂಧದ ಮಾತು ಅಲ್ಲಿಗೆ ಮುಗಿಯಿತು.

ಅಗಸೂರಿಗೆ ಕರೆತಂದ ದಿನ ಆ ಏಳು ಮೆಟ್ಟಿಲನ್ನು ಅವನು ನಾಲ್ಕು ಜನರ ಕೈಯಲ್ಲಿ ಕುರ್ಚಿ ಸಮೇತ ಏರಿದ. ಕಣ್ಣು ಮುಚ್ಚಿಕೊಂಡಿದ್ದ. ಬಚ್ಚಲು ಹಿತ್ತಲಲ್ಲಿತ್ತು, ಅದಕ್ಕೂ ಮೂರು ಮೆಟ್ಟಿಲು. ಪ್ರತಿ ಸಲವೂ ನಾನು, ಪಕ್ಕದ ಮನೆಯವರು ಯಾರಾದರೂ ಬೇಕು. ಒಂದು ದಿನ ನಾಗವೇಣಿ ನನ್ನನ್ನು ಹಿತ್ತಲಿಗೆ ಕರೆದು, "ನೀವು ಕಂಡ್ರಾ? ಅಂವ ನೀರೇ ಕುಡಿಯೂದಿಲ್ಲ. ಬೆಳಿಗ್ಗೆ ಇಟ್ಟ ತಂಬಿಗೆ ಸಂಜಿಗೂ ಹಾಂಗೇ ಇರ್ತದೆ" ಎಂದಳು. ನಮ್ಮನ್ನು ಕರೆಯಬೇಕಾಗುತ್ತದೆಂದು ಅವನು ಬಾಯಾರಿಕೊಂಡೇ ಇರುತ್ತಿದ್ದ. ಅವತ್ತು ನಾನು ಅಂಕೋಲೆಯ ಬೊಬ್ರುವಾಡದಲ್ಲಿದ್ದ ನಮ್ಮ ಖಾಲಿ ಜಾಗದಲ್ಲಿ ಮನೆ ಕಟ್ಟುವುದೆಂದು ನಿಶ್ಚಯ ಮಾಡಿದೆ.

ಬೊಬ್ರುವಾಡದ ಜಾಗದ ಕತೆ ಹೇಳಿದರೆ ನೀವು ನಗುತ್ತೀರಿ. ಅದನ್ನು ಕೊಂಡು ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ನಾನು ಕಚೇರಿಯ ಕಾಗದದ ಹಿಂಬದಿಯಲ್ಲಿ ಮನೆ ಬರೆದಿದ್ದೆ. ಮಾಳಿಗೆಯ ಮನೆ, ಬಳುಕಿಕೊಂಡು ಏರುವ ಮೆಟ್ಟಿಲು, ಮೇಲೆ ಕುಳಿತು ಸಮುದ್ರ ನೋಡಲು ಒಂದು ಬಾಲ್ಕನಿ. ಆ ಜಾಗದಲ್ಲಿ ಎಷ್ಟು ಎತ್ತರಕ್ಕೆ ಹೋದರೂ ಕಾಣುವುದು ನಾಲ್ಕು ತೆಂಗಿನಮರ ಮತ್ತು ಪಕ್ಕದವರ ನೀರಿನ ಟಾಂಕಿ ಎಂದು ನಾಗವೇಣಿ ಹಲವು ಸಲ ಹೇಳಿದ್ದಳು. ಮಾಡು ಹತ್ತಲು ಹೆದರುವವನಿಗೆ ಮಾಳಿಗೆಯ ಹುಚ್ಚು ಯಾಕೆ ಹಿಡಿಯಿತೋ. ಆ ಕಾಗದಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ಹೊಸ ಹಾಳೆ ತೆಗೆದು, ಒಂದೂ ಮೆಟ್ಟಿಲಿಲ್ಲದ ಮನೆ ಬರೆಯಲು ಕೂತೆ. ಅಷ್ಟನ್ನು ನಾನು ಸರಿಯಾಗಿಯೇ ಮಾಡಿದೆ. ಆದರೆ ಮಾಳಿಗೆ ಹೋದರೂ ಆಸೆ ಹೋಗಿರಲಿಲ್ಲ. ಈ ಮನೆ ಎದ್ದು ನಿಂತರೆ ವಸಂತನೂ ಎದ್ದು ನಿಲ್ಲುತ್ತಾನೆಂದು ಯಾರಿಗೂ ಹೇಳದೆ ನಂಬಿಕೊಂಡಿದ್ದೆ.

ಕೆಲಸಕ್ಕೆ ಬಂದವನು ಕದ್ವಾಡದ ಪುಂಡಲೀಕ ಮೇಸ್ತ್ರಿ. ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಮನೆಮಾತು ಕೊಂಕಣಿ. ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಯಾವಾಗಕ್ಕೆ ಬೇಕು ಸಾಹೇಬ್ರೆ?"

"ದೀಪಾವಳಿಗೆ."

"ಯಾವ ದೀಪಾವಳಿ?"

ನನಗೆ ಸಿಟ್ಟು ಬಂತು. ಅವನು ನಗಲಿಲ್ಲ. "ಸುಳ್ಳು ಹೇಳೂದಿಲ್ಲ ನಾನು. ಈಗ ಕಲ್ಲು ಬರೂಕೆ ಒಂದು ತಿಂಗಳು. ಮಳೆ ಹಿಡೀತು ಅಂದ್ರೆ ಹೊಳೇಲಿ ಹೊಯ್ಗೆ ತೆಗೆಯೂಕೆ ಆಗೂದಿಲ್ಲ. ನನ್ನ ಜನಕ್ಕೆ ಗದ್ದೆ ಕೆಲಸ ಬಂದ್ರೆ ಅವ್ರು ಇಲ್ಲ. ಒಂದೂವರೆ ವರ್ಷ ಹೇಳಿ ಇಟ್ಕೊಳ್ಳಿ. ಬೇಗ ಆದ್ರೆ ನಿಮ್ಗೆ ಖುಷಿ." ಆಮೇಲೆ ಪೆನ್ಸಿಲು ತೆಗೆದು, ನಕ್ಷೆಯ ಮೇಲೆ ಏನೂ ಗೀಚದೆ, "ಹುಡ್ಗನ್ನ ಕೇಳಿದ್ರಾ?" ಎಂದ.

"ಯಾರನ್ನ?"

"ಈ ಮನೇಲಿ ಕುರ್ಚಿ ಓಡ್ಸೂದು ಯಾರು? ಅವನ್ನ."

ಕೇಳಿರಲಿಲ್ಲ. ಪುಸ್ತಕ ಓದಿದ್ದೆ, ಮಂಗಳೂರಿನ ಡಾಕ್ಟರರಿಗೆ ಕಾಗದ ಬರೆದಿದ್ದೆ, ಬಾಗಿಲು ಮೂವತ್ತಾರು ಇಂಚು ಇರಬೇಕೆಂದು ತಿಳಿದುಕೊಂಡಿದ್ದೆ. ಪಕ್ಕದ ಕೋಣೆಯಲ್ಲೇ ಇದ್ದ ತಮ್ಮನನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಅವನನ್ನು ಟೆಂಪೋದಲ್ಲಿ ಬೊಬ್ರುವಾಡಕ್ಕೆ ಕರೆದೊಯ್ದೆವು. ಪುಂಡಲೀಕ ಮೇಸ್ತ್ರಿ ನೆಲ ಸಮ ಮಾಡಿಸಿ, ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ಅಳತೆ ಪ್ರಕಾರ ಬರೆದಿಟ್ಟಿದ್ದ. ಬಿಳಿ ಗೆರೆಯ ಗೋಡೆ, ಗೆರೆ ಬಿಟ್ಟಲ್ಲಿ ಬಾಗಿಲು. "ಹೋಗು, ನಿನ್ನ ಮನಿ ನೋಡ್ಕಂಡು ಬಾ" ಎಂದು ವಸಂತನ ಕುರ್ಚಿಯನ್ನು ತಳ್ಳಿಬಿಟ್ಟ. ವಸಂತ ಎದುರಿನ ಬಾಗಿಲಲ್ಲಿ ಒಳಗೆ ಹೋದ. ನಡುಮನೆಯಲ್ಲಿ ಒಂದು ಸುತ್ತು ಹಾಕಿದ. ಬಚ್ಚಲಿಗೆ ತಿರುಗುವಾಗ ಗಾಲಿ ಗೋಡೆಯ ಮೇಲೆ ಹೋಯಿತು, ಸುಣ್ಣ ಅಳಿಸಿತು.

"ಗೋಡೆ ಬಿತ್ತು ಮೇಸ್ತ್ರಿ!"

"ಬೀಳ್ಲಿ. ಎಷ್ಟು ಬೇಕು ನಿಂಗೆ?"

"ಇನ್ನೊಂದು ಅಡಿ."

"ಜಾತಾ, ಜಾತಾ." ಆಗ್ತದೆ, ಆಗ್ತದೆ ಎನ್ನುತ್ತ ಮೇಸ್ತ್ರಿ ಕಾಲಿನಿಂದ ಗೆರೆ ಒರೆಸಿ ಇನ್ನೊಂದು ಅಡಿ ಆಚೆ ಸುಣ್ಣ ಎಳೆದ. ಮೂರು ಸಲ ಗೋಡೆ ಬಿತ್ತು, ಮೂರು ಸಲ ಎದ್ದಿತು. ಅಡಿಗೆಮನೆಯ ಕಟ್ಟೆ ಅರ್ಧ ತಗ್ಗಾಗಿ, ಅರ್ಧ ನಾಗವೇಣಿಯ ಎತ್ತರಕ್ಕೆ ಎಂದು ತೀರ್ಮಾನವಾಯಿತು. ವಸಂತನ ಚಡ್ಡಿ, ಮೊಣಕೈ ಎಲ್ಲ ಸುಣ್ಣ. ಮಾಡಿನಿಂದ ಬಿದ್ದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ನಾವು ಎಲ್ಲರೂ ಸುಖವಾಗಿದ್ದ ದಿನ ಅದು, ಅದಕ್ಕಿನ್ನೂ ಗೋಡೆಯೇ ಇರಲಿಲ್ಲ.

ಹೊರಡುವಾಗ ಅವನು ತನ್ನ ಕೋಣೆಯ ಜಾಗದಲ್ಲಿ ಕುರ್ಚಿ ನಿಲ್ಲಿಸಿ, "ಅಣ್ಣಾ, ಇಲ್ಲೊಂದು ಕಿಟಕಿ ಬೇಕು. ಬಹಳ ಕೆಳಗೆ. ಮಲಗಿದ್ರೂ ರಸ್ತೆ ಕಾಣ್ಬೇಕು" ಎಂದ.

"ನೋಡುವಾ" ಎಂದೆ.

ನೋಡಲಿಲ್ಲ. ಅವನು ಮಲಗಿಯೇ ಇರುವುದನ್ನು ನಾನು ಯೋಚಿಸಲು ಸಿದ್ಧನಿರಲಿಲ್ಲ. ಮಲಗಿದವನಿಗೆ ಕಿಟಕಿ ಮಾಡಿದರೆ ಅವನು ಮಲಗಿರುತ್ತಾನೆ ಎಂದು ಒಪ್ಪಿದಂತೆ. ಕಳ್ಳರ ಭಯ, ಮಳೆಯ ಇರಚಲು ಎಂದು ನೂರು ಕಾರಣ ಹುಡುಕಿ, ಎಲ್ಲರ ಮನೆಯ ಹಾಗೆ ಮೂರೂವರೆ ಅಡಿ ಎತ್ತರಕ್ಕೇ ಕಿಟಕಿ ಇಡಿಸಿದೆ. ಬದಲಿಗೆ ಅವನು ಕೇಳದೇ ಇದ್ದ ಒಂದು ಕೆಲಸ ಮಾಡಿಸಿದೆ. ಜಗಲಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ಸರಳು, ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಎರಡೂ ಕೈಯಲ್ಲಿ ಹಿಡಿದು ನಡೆಯುವುದನ್ನು ಅಭ್ಯಾಸ ಮಾಡಲು. ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿದ್ದೆ. ಮೇಸ್ತ್ರಿ ಸರಳು ಕೂರಿಸುವಾಗ ನನ್ನನ್ನೊಮ್ಮೆ ನೋಡಿದ, ಆಮೇಲೆ ಸಿಮೆಂಟು ಕಲಸಲು ಹೋದ.

ಮನೆ ಮುಗಿಯಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಗೃಹಪ್ರವೇಶದ ಮರುದಿನ ಬೆಳಿಗ್ಗೆ ವಸಂತ ಒಬ್ಬನೇ ಬಚ್ಚಲಿಗೆ ಹೋದ. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ನಾಗವೇಣಿ ಈಳಿಗೆಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗೆ ನೀರು ಹೊಯ್ದುಕೊಳ್ಳುವ ಸದ್ದು, ಅವನು ಏನೋ ಗುನುಗುವ ಸದ್ದು. ಎರಡು ವರ್ಷದ ಮೇಲೆ ಅವನಿಗೆ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಸಿಕ್ಕಿತ್ತು. ನಾನು ಅಲ್ಲಿಗೇ ನಿಲ್ಲಬೇಕಾಗಿತ್ತು. ಒಂದು ಮನೆ ಕೊಡಬಹುದಾದದ್ದು ಅಷ್ಟು, ಮತ್ತು ಅದು ಸಣ್ಣದೇನೂ ಆಗಿರಲಿಲ್ಲ.

ನಿಲ್ಲಲಿಲ್ಲ. ಪ್ರತಿ ಭಾನುವಾರ ತಿಂಡಿ ಆದ ಕೂಡಲೇ ಅವನನ್ನು ಆ ಸರಳುಗಳ ನಡುವೆ ಒಯ್ಯುತ್ತಿದ್ದೆ. ಹಿಂದಿನಿಂದ ಸೊಂಟ ಹಿಡಿದು ಎತ್ತುತ್ತಿದ್ದೆ. ಅವನ ತೋಳು ನಡುಗುತ್ತಿತ್ತು, ಕಾಲು ಯಾರದೋ ಕಾಲಿನಂತೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. "ಇವತ್ತು ಹೋದ ವಾರಕ್ಕಿಂತ ಅಡ್ಡಿಲ್ಲ" ಎಂದು ನಾನೇ ಹೇಳುತ್ತಿದ್ದೆ. ಹೀಗೆ ನಾಲ್ಕು ತಿಂಗಳು. ಒಂದು ಭಾನುವಾರ ಅವನು ಕುರ್ಚಿಯ ಗಾಲಿ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ನಾ ಬರೂದಿಲ್ಲ."

"ಹಾಂಗೆ ಬಿಟ್ರೆ ಹೇಂಗೆ? ಇಷ್ಟೆಲ್ಲ ಮಾಡ್ಸಿದ್ದು ಎಂತಕೆ ಮತ್ತೆ?"

ಆ ಮಾತು ನನ್ನ ಬಾಯಿಂದ ಬರಬಾರದಿತ್ತು.

"ಎಂತಕೆ ಹೇಳು ಅಣ್ಣಾ. ನಾನೂ ಅದೇ ಕೇಳೂದು. ನೀ ನಂಗೆ ಮನೆ ಕಟ್ಟಿದ್ದು ಹೇಳಿ ತಿಳ್ಕಂಡಿದ್ದೆ ನಾನು. ನೀ ನನ್ನ ರಿಪೇರಿ ಮಾಡೂಕೆ ಕಟ್ಟಿದ್ದು. ಪ್ರತಿ ಆಯ್ತಾರ ನಿನ್ನ ಮುಖ ಕಾಣ್ಬೇಕು ನೀನು. ನಾ ನಡೀಲಿಲ್ಲ ಹೇಳಿ ನಿಂಗೆ ಎಷ್ಟು ಬೇಜಾರು. ನನ್ನ ಕಾಲಿನ ದುಃಖ ನಂಗೆ ಸಾಕು, ನಿಂದೂ ನಾನೇ ಹೊರೂದಾ?"

ನಾಗವೇಣಿ ಅಡಿಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ನಾನು ಅಂಗಿ ಹಾಕಿಕೊಂಡು ಹೊರಗೆ ಹೋದೆ. ಬಸ್‌ಸ್ಟ್ಯಾಂಡಿನವರೆಗೆ ನಡೆದು, ಎಲ್ಲಿಗೂ ಹೋಗುವುದಿಲ್ಲದೆ ಒಂದು ಬೆಂಚಿನ ಮೇಲೆ ಕುಳಿತೆ. ಕುಳಿತು ಕುಳಿತು ಮಧ್ಯಾಹ್ನವಾಯಿತು. ಆಮೇಲೆ ಕದ್ವಾಡಕ್ಕೆ ಹೋಗುವ ಬಸ್ಸು ಯಾವುದೆಂದು ಕೇಳಿ ಹತ್ತಿದೆ.

ಪುಂಡಲೀಕ ಮೇಸ್ತ್ರಿ ಮನೆಯಲ್ಲಿ ಬಲೆಯ ತೂತು ಹೊಲಿಯುತ್ತ ಕುಳಿತಿದ್ದ. "ಕಿಟಕಿ ಕೆಳಗೆ ಇಳಿಸ್ಬೇಕು" ಎಂದೆ. "ಗೊತ್ತಿತ್ತು" ಎಂದ ಅಷ್ಟೇ. ಆ ವಾರವೇ ಬಂದು ಗೋಡೆ ಒಡೆದು, ನೆಲದಿಂದ ಒಂದು ಅಡಿ ಎತ್ತರಕ್ಕೆ ಕಿಟಕಿ ಇಳಿಸಿದ. ಜಗಲಿಯ ಸರಳು ಕೀಳಲು ಹೊರಟವನನ್ನು ನಾಗವೇಣಿ ತಡೆದಳು. ಮಳೆಗಾಲಕ್ಕೆ ಬಟ್ಟೆ ಒಣಗಿಸಲು ಇರಲಿ ಎಂದಳು. ಈಗಲೂ ನನ್ನ ಲುಂಗಿ ಒಣಗುವುದು ಅದರ ಮೇಲೆಯೇ.

ಆ ಕಿಟಕಿಯಿಂದ ಅವನು ರಸ್ತೆಯ ಜೊತೆ ಸಂಸಾರ ಶುರುಮಾಡಿದ. ಮೀನು ಮಾರುವ ಬೀರವ್ವ ಬುಟ್ಟಿ ಇಳಿಸಿ, ಕಿಟಕಿಯ ಹೊರಗೆ ಕುಕ್ಕರಗಾಲಲ್ಲಿ ಕುಳಿತು ಅವನ ಮಟ್ಟಕ್ಕೇ ಮುಖ ಇಟ್ಟು ಮಾತಾಡುತ್ತಿದ್ದಳು. ಯಾವ ಮನೆಗೆ ಇವತ್ತು ನೆಂಟರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ನಮಗಿಂತ ಮೊದಲು ಅವನಿಗೆ ಗೊತ್ತು. ಸಂಜೆ ಕಚೇರಿಯಿಂದ ಬಂದರೆ ನನಗೆ ಊರ ಸುದ್ದಿ ಹೇಳುತ್ತಿದ್ದ. ನಾನು ಕೇಳುತ್ತಿದ್ದೆ. ಕೇಳುವುದು ನನಗೆ ತಡವಾಗಿ ಬಂದ ವಿದ್ಯೆ.

ಸುಮಾರು ಎರಡು ವರ್ಷ ಹೀಗೆ ನಡೆಯಿತು. ನಾಗವೇಣಿ ದಿನಕ್ಕೆ ನಾಲ್ಕು ತಂಬಿಗೆ ನೀರು ಎದುರು ನಿಂತು ಕುಡಿಸುತ್ತಿದ್ದಳು. ಆದರೆ ಹಿಂದೆ ಬಾಯಾರಿಕೊಂಡು ಕಳೆದ ದಿನಗಳು ಮೂತ್ರಪಿಂಡಕ್ಕೆ ಮಾಡಿದ್ದನ್ನು ಮಾಡಿಯಾಗಿತ್ತು, ಈ ಸ್ಥಿತಿಯಲ್ಲಿ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಶ್ರಾವಣದಲ್ಲಿ ಜ್ವರ ಬಂತು. ಈ ಸಲ ಡಾಕ್ಟರು ಹೇಳಿದ್ದನ್ನು ನಾನು ಮೊದಲ ದಿನವೇ ನಂಬಿದೆ. ಒಂಬತ್ತನೆಯ ದಿನ ಅವನು ಹೋದ. ಮೂವತ್ತಾರು ಇಂಚಿನ ಬಾಗಿಲು ಎಷ್ಟು ಅಗಲವೆಂದರೆ, ಅವನನ್ನು ಹೊರಗೆ ತರುವಾಗ ಹೊತ್ತವರು ಯಾರೂ ಓರೆಯಾಗಬೇಕಾಗಲಿಲ್ಲ.

ಇದನ್ನು ಇಲ್ಲಿಗೇ ಬಿಟ್ಟರೆ ನಾನು ಒಂದು ಮಾತು ಮುಚ್ಚಿಟ್ಟಂತಾಗುತ್ತದೆ. ನಾಗವೇಣಿಗೂ ಅದನ್ನು ಬಹಳ ವರ್ಷ ಹೇಳಿರಲಿಲ್ಲ.

ಅವನು ಹೋಗುವುದಕ್ಕೆ ಎರಡು ತಿಂಗಳ ಹಿಂದಿನ ಒಂದು ಸಂಜೆ. ನಾಗವೇಣಿ ತವರಿಗೆ ಹೋಗಿದ್ದಳು. ಮೊದಲ ಮಳೆ ಬಿದ್ದು ನಿಂತಿತ್ತು. ಅವನು ಕಿಟಕಿಯ ಹತ್ತಿರ, ನಾನು ಅವನ ಪಕ್ಕ ನೆಲದ ಮೇಲೆ. ಎದುರುಮನೆಯವರ ಮಾಡಿನ ಮೇಲೆ ಯಾರೋ ಹಂಚು ಸರಿಸುತ್ತಿದ್ದರು. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

"ವಸಂತಾ, ನಿಂಗೊಂದು ಹೇಳೂದದೆ."

"ಹೇಳು."

"ಆ ಪಕಾಸು ಗೆದ್ದಲು ತಿಂದದ್ದು ನಂಗೆ ಗೊತ್ತಿತ್ತು. ಯುಗಾದಿ ಹೊತ್ತಿಗೆ ಅಟ್ಟ ಹತ್ತಿದ್ದೆ, ಹಂಡೆ ತೆಗೆಯೂಕೆ. ಕೈ ಊರಿದೆ, ಬೆರಳು ಒಳಗೆ ಹೋಯ್ತು. ಆಚಾರಿಗೆ ಹೇಳುವಾ ಅಂದ್ಕಂಡೆ. ಆಮೇಲೆ ಮರ್ತೋಯ್ತು. ನೀ ಮೇಲೆ ಹತ್ತಿದ ಮೇಲೆ ನೆನಪಾಯ್ತು. ಕೂಗ್ಬೇಕು ಹೇಳಿ ಬಾಯಿ ತೆರೆದೆ. ಅಷ್ಟ್ರಲ್ಲಿ ನೀ ನನ್ನ ಕೂದಲಿನ ವಿಷಯ ಹೇಳಿದೆ. ನಕ್ಕುಬಿಟ್ಟೆ ನಾನು."

 ಎದುರಿನ ಮಾಡಿನ ಮೇಲಿದ್ದವನು ಕೆಲಸ ಮುಗಿಸಿ, ಏಣಿ ಇಳಿದು, ಏಣಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

"ನಂಗೂ ಗೊತ್ತಿತ್ತು" ಎಂದ ವಸಂತ. "ನಾನೂ ಕಂಡಿದ್ದೆ ಅದ್ನ. ಹಗೂರ್ಕೆ ಕಾಲಿಟ್ರೆ ಅಡ್ಡಿಲ್ಲ ಹೇಳಿ ತಿಳ್ಕಂಡೆ. ತಪ್ಪು ನಂದೇ."

ಅವನು ಕಂಡಿರಲು ಸಾಧ್ಯವಿರಲಿಲ್ಲ. ಆ ಪಕಾಸು ಕೆಳಗಿನಿಂದ ನೋಡಿದರೆ ಬರೀ ಹೊಗೆಯ ಮಸಿ, ಮೇಲಿನಿಂದ ಬರೀ ಹಂಚು. ಅದು ಕೈಗೆ ಸಿಗುತ್ತಿದ್ದದ್ದು ಅಡಿಗೆಮನೆಯ ಪಕ್ಕದ ಅಟ್ಟದಿಂದ ಮಾತ್ರ. ಅಟ್ಟಕ್ಕೆ ಬೀಗವಿತ್ತು, ಬೀಗದ ಕೈ ಯಾವಾಗಲೂ ನನ್ನ ಉಡಿದಾರದಲ್ಲಿ ಇರುತ್ತಿತ್ತು. ಅದು ಅವನಿಗೂ ಗೊತ್ತು. ನನಗೆ ಗೊತ್ತು ಎಂಬುದೂ ಅವನಿಗೆ ಗೊತ್ತು. ನಾನು ಮಾತಾಡುವ ಮೊದಲೇ ಅವನು ಗಾಲಿ ತಿರುಗಿಸಿದ್ದ.

"ಚಾ ಮಾಡ್ತೆ. ಕುಡೀತ್ಯಾ?"

ನಾನು ಏಳಲು ಹೊರಟೆ. "ಕೂತ್ಕಾ" ಎಂದ.

ಕೂತೆ. ಅಡಿಗೆಮನೆಯಲ್ಲಿ ನಲ್ಲಿಯ ಸದ್ದು, ಪಾತ್ರೆ ಕಟ್ಟೆಗೆ ತಾಗಿದ ಸದ್ದು. ಏನೋ ಕೆಳಗೆ ಬಿತ್ತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ನಾನು ಏಳಲಿಲ್ಲ. ಬೆಂಕಿಕಡ್ಡಿ ಗೀರಿದ ಸದ್ದು ಕೇಳಿದ ಮೇಲೆ ಉಸಿರು ಬಿಟ್ಟೆ. ಅವನು ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ಲೋಟ ಇಟ್ಟುಕೊಂಡು ನಿಧಾನವಾಗಿ ಬಂದ. ಅರ್ಧ ತಟ್ಟೆಯಲ್ಲೇ ಚೆಲ್ಲಿತ್ತು. ಹೆಚ್ಚು ಉಳಿದಿದ್ದ ಲೋಟವನ್ನು ನನಗೆ ಕೊಟ್ಟು, ತನ್ನದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಕುಡಿಯುವುದನ್ನೇ ನೋಡಿದ.

"ಹೇಂಗದೆ?"

ಸಕ್ಕರೆ ಹಾಕಲು ಮರೆತಿದ್ದ.

"ಬಹಳ ಚಲೋ ಅದೆ" ಎಂದೆ. ಪೂರ್ತಿ ಕುಡಿದೆ.